ಒಂದು ದಿನಕ್ಕೆ ಒಂದೇ ವಚನ

ನಮ್ಮ ಮನೆಯಲ್ಲಿ ರೊಟ್ಟಿಗಿಂತ ಮೊದಲು ಅರ್ಥ ಬರುತ್ತಿತ್ತು. ದೀಪ ಹಚ್ಚಿದ ಮೇಲೆ ಅಪ್ಪ ಮೈಮೇಲಿನ ಕಲ್ಲಿನ ಧೂಳು ತೊಳೆದುಕೊಂಡು, ಗೋಡೆಯ ಮಾಡದಿಂದ ಸತ್ಯವೇದವನ್ನು ಇಳಿಸಿ, ಒಂದೇ ಒಂದು ವಚನ ಓದಿ, ಪುಸ್ತಕದೊಳಗೆ ಬೆರಳಿಟ್ಟು ಮುಚ್ಚುತ್ತಿದ್ದ. ಆಮೇಲೆ ಮುತ್ಯಾನಿಂದ, ಅಂದರೆ ಅಜ್ಜನಿಂದ, ಹಿಡಿದು ನನ್ನವರೆಗೆ ಎಲ್ಲರೂ ಆ ವಚನದ ಅರ್ಥ ಹೇಳಬೇಕು. ಸರಿ ಹೇಳಿದವರ ಮುಂದೆ ತಾಟು ಬರುತ್ತಿತ್ತು, ತಪ್ಪು ಹೇಳಿದವರ ಮುಂದೆ ಗಜ ಬರುತ್ತಿತ್ತು. ಗಜವೆಂದರೆ ನೆಲಕ್ಕೆ ಹಾಸುವ ಫರಸಿ ಕಲ್ಲು ಅಳೆಯುವ ಜಾಲಿ ಕಟ್ಟಿಗೆ, ಎರಡೂ ತುದಿಗೆ ಹಿತ್ತಾಳೆ ಬಡಿದದ್ದು. ಅಪ್ಪ ಕಲ್ಲಿನ ಖಣಿಯಲ್ಲಿ ಮುಕದಮನಾಗಿದ್ದ, ಅಂದರೆ ಕಲ್ಲು ಒಡೆಯುವವರ ಒಂದು ಗುಂಪಿಗೆ ಮೇಲಿನವನು. ಹಗಲು ಕಲ್ಲನ್ನೂ ಸಂಜೆ ನಮ್ಮನ್ನೂ ಅವನು ಒಂದೇ ಗಜದಿಂದ ಅಳೆಯುತ್ತಿದ್ದ. ಇದನ್ನು ದೂರೆಂದು ಬರೆಯುತ್ತಿಲ್ಲ. ಅಳತೆಯಲ್ಲಿ ಭೇದ ಮಾಡಿದನೆಂದು ಅವನ ಬಗ್ಗೆ ಕಲ್ಲೂ ಹೇಳುವಂತಿರಲಿಲ್ಲ, ನಾವೂ ಹೇಳುವಂತಿರಲಿಲ್ಲ.

ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವ ರೈಲು ಹಳಿಯ ಮಗ್ಗುಲಲ್ಲಿ, ಖಣಿಯ ಅಂಚಿಗೆ ನಮ್ಮ ಮನೆಯಿತ್ತು. ಮಾರಾಟಕ್ಕೆ ಬಾರದ ಮುಕ್ಕು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿದ್ದರು. ನೆಲ ಕಲ್ಲು, ಛಾವಣಿ ಕಲ್ಲು, ಮಲಗುವ ಕಟ್ಟೆ ಕಲ್ಲು, ನೀರಿನ ಕೊಡ ಕೂರುವುದೂ ಕಲ್ಲಿನ ಮೇಲೆ. ಚಳಿಗಾಲದಲ್ಲಿ ಆ ಮನೆ ನಮ್ಮ ಮೈಯ ಕಾವನ್ನು ಹೀರಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಬಡ್ಡಿ ಸಮೇತ ಹಿಂದಿರುಗಿಸುತ್ತಿತ್ತು. ಹಂಚಿನ ಮೇಲೆ ರೊಟ್ಟಿ ತಿರುವಿದ ಹಾಗೆ ನಾವು ಮಗ್ಗುಲು ತಿರುವುತ್ತಾ ನಿದ್ದೆ ಮಾಡುತ್ತಿದ್ದೆವು. ಇದ್ದದ್ದು ಒಂದು ಕೋಣೆ, ಒಂದು ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಒಲೆ, ಹಿಂದೆ ಎತ್ತು ಕಟ್ಟುವ ಕೊಟ್ಟಿಗೆ. ಪಡಸಾಲೆಯ ಗೋಡೆಯ ಮಾಡದಲ್ಲಿ ಮೊದಲು ಒಬ್ಬ ದೇವಿ ಇದ್ದಳಂತೆ. ನಾವು ಊರ ಹೊರಗಿನ ಜನ. ಮಿಷನ್ನಿನವರು ಬಂದು ನಮ್ಮನ್ನು ಮನುಷ್ಯರಂತೆ ಮಾತಾಡಿಸಿದ ಮೇಲೆ ಮುತ್ಯಾ ಆ ದೇವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕ್ಷಮೆ ಕೇಳಿ, ಕಾಗಿಣಾ ಹೊಳೆಗೆ ಬಿಟ್ಟು ಬಂದಿದ್ದ. ಆ ಜಾಗಕ್ಕೆ ಪುಸ್ತಕ ಬಂತು. ದೇವಿ ವರ್ಷಕ್ಕೊಮ್ಮೆ ಕೋಳಿಯ ರಕ್ತ ಕೇಳುತ್ತಿದ್ದಳು ಎನ್ನುವುದನ್ನು ಇಲ್ಲಿ ಹೋಲಿಕೆಗೆಂದು ಮಾತ್ರ ಹೇಳುತ್ತಿದ್ದೇನೆ.

ಸರಕಾರದ ಕಾಗದವೆಲ್ಲ ಉರ್ದುವಿನಲ್ಲಿ ಬರುತ್ತಿದ್ದ ಕಾಲ. ಅಪ್ಪ ಮಿಷನ್ನಿನವರ ಸಂಜೆಯ ಶಾಲೆಯಲ್ಲಿ ಕನ್ನಡ ಓದಲು ಕಲಿತಿದ್ದ, ಮತ್ತು ಓದಲು ಮನೆಯಲ್ಲಿದ್ದದ್ದು ಅದೊಂದೇ ಪುಸ್ತಕ. ಅದರ ಕನ್ನಡ ದಕ್ಷಿಣದ ಕಡೆಯದು. ಹೊಸ ಚಪ್ಪಲಿ ಕಾಲಿಗೆ ಕಚ್ಚುವ ಹಾಗೆ ನಮ್ಮ ಕಿವಿಗೆ ಕಚ್ಚುತ್ತಿತ್ತು. ಗೊತ್ತಿಲ್ಲದ ಶಬ್ದ ಬಂದರೆ ಅಪ್ಪ ಹಿಂಜರಿಯುತ್ತಿರಲಿಲ್ಲ, ಕಂಡ ಲೋಕದಲ್ಲೇ ಅದಕ್ಕೊಂದು ಮುಖ ಹುಡುಕುತ್ತಿದ್ದ. ಶತಾಧಿಪತಿ ಎಂದರೆ ಜಮಾದಾರ. ಫರಿಸಾಯರು ಎಂದರೆ ತಹಶೀಲ ಕಚೇರಿಯವರು. ಸುಂಕದವನು ಎಂದರೆ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ, ಅವನು ವಾರದ ಸಂತೆಗೆ ಬರುತ್ತಿದ್ದ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕೆಂಬ ವಚನ ಬಂದ ಸಂಜೆ ಚೆನ್ನಾಗಿ ನೆನಪಿದೆ. ಆ ಮಾತನ್ನು ಹೊಡೆಸಿಕೊಳ್ಳುವವನ ಕಡೆಯಿಂದಲೂ ಓದಬಹುದು, ಹೊಡೆಯುವವನ ಕಡೆಯಿಂದಲೂ ಓದಬಹುದು. ಅಪ್ಪ ಎರಡನೆಯ ಪಂಥದವನು. ಅಂದಿನಿಂದ ನಮ್ಮ ಮನೆಯಲ್ಲಿ ಏಟುಗಳು ಜೋಡಿಯಾಗಿ ಬೀಳತೊಡಗಿದವು. ಒಂದೇ ಕೆನ್ನೆಗೆ ಹೊಡೆದು ಸುಮ್ಮನಾಗುವುದು ವಚನಕ್ಕೆ ದ್ರೋಹವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಕಣ್ಣಿಗೆ ಪ್ರತಿಯಾಗಿ ಕಣ್ಣು ಎಂಬ ಮಾತು ಬಂದ ದಿನ ಮುತ್ಯಾ ಏಟು ತಿಂದ. ಮುತ್ಯಾನ ಎಡಗಣ್ಣು ಹಿಂದೆಯೇ ಕಲ್ಲಿನ ಚೂರು ಸಿಡಿದು ಹೋಗಿತ್ತು.

"ನನ್ನ ಕಣ್ಣ ಕಲ್ಲ ತಗೊಂಡದ," ಎಂದ ಮುತ್ಯಾ. "ಅದರ ಬದ್ಲಿ ನಾ ಕಲ್ಲಿಂದು ಏನ್ ತಗೋಬೇಕೋ ದಾವೀದಪ್ಪ? ಅದಕ್ಕ ಕಣ್ಣೇ ಇಲ್ಲಲ್ಲ."

"ಮಶ್ಕಿರಿ ಮಾಡಬ್ಯಾಡ. ಅರ್ಥ ಹೇಳು."

"ಅರ್ಥ ಅದೇ ಅದ. ಕಳಕೊಂಡಾವಗ ಏನೂ ಸಿಗಾಂಗಿಲ್ಲ ಅಂತ."

ಹೆತ್ತ ತಂದೆಗೆ ಗಜ ಎತ್ತುವುದು ತಪ್ಪೆಂದು ಅಪ್ಪನಿಗೆ ಗೊತ್ತಿತ್ತು. ಆದ್ದರಿಂದ ಅಂದು ಬರಿಗೈಯಿಂದ ಹೊಡೆದ. ಅವ್ವ ಮಾತ್ರ ಎಂದೂ ಏಟು ತಿನ್ನುತ್ತಿರಲಿಲ್ಲ. ಯಾವ ವಚನಕ್ಕೂ ಅವಳದು ಒಂದೇ ಅರ್ಥ, "ದೇವರು ದೊಡ್ಡಾಂವ ಅಂತ ರೀ." ಅದನ್ನು ತಪ್ಪೆನ್ನುವುದು ಅಪ್ಪನಿಂದ ಆಗುತ್ತಿರಲಿಲ್ಲ. ಧರ್ಮಶಾಸ್ತ್ರದಲ್ಲಿ ಇಷ್ಟು ಭದ್ರವಾದ ಕೋಟೆ ಕಟ್ಟಿಕೊಂಡವರನ್ನು ನಾನು ಮುಂದೆಯೂ ಕಾಣಲಿಲ್ಲ.

ಒಂದು ದಿನಕ್ಕೆ ಒಂದೇ ವಚನ ಎಂಬುದು ಮನೆಯ ಕಟ್ಟಳೆ. ಅದು ಖಣಿಯಿಂದ ಬಂದದ್ದು. ಖಣಿಯಲ್ಲಿ ಗುತ್ತೇದಾರ ದಿನ ಸಂಜೆ ಮುಕದಮನಿಗೆ ಮರುದಿನದ ಹುಕುಂ ಕೊಡುತ್ತಿದ್ದ, ನಾಳೆ ಇಷ್ಟಗಲದ ಕಲ್ಲು, ಇಷ್ಟು ದಪ್ಪದ್ದು ಎಂದು. ಅದರಾಚೆಯ ದಿನ ಏನು ಎಂದು ಕೇಳುವ ಮುಕದಮ ಒಂದೋ ಕಳ್ಳ, ಇಲ್ಲವೇ ಮೈಗಳ್ಳ. ಅಪ್ಪ ದೇವರನ್ನೂ ಹಾಗೆಯೇ ತಿಳಿದಿದ್ದ. ಸಂಜೆ ಓದಿದ ವಚನ ಮರುದಿನದ ಹುಕುಂ. ಅದರ ಮುಂದಿನ ಸಾಲಿನ ಮೇಲೆ ಕಣ್ಣು ಹೊರಳಬಾರದೆಂದು ಅವನು ಓದುವಾಗ ಅಂಗೈಯಿಂದ ಕೆಳಗಿನ ಸಾಲುಗಳನ್ನು ಮುಚ್ಚುತ್ತಿದ್ದ. ನಾನು ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡೆ. ಯಾವ ಮಗುವಿಗೂ ಒಂದು ಸಾಲು ಓದಿಸಿ ನಿಲ್ಲಿಸಿ ಅರ್ಥ ಕೇಳಲಿಲ್ಲ. ಮೇಲಿನವರು ಇದನ್ನು ನನ್ನ ಬೋಧನಾಕ್ರಮ ಎಂದು ಹೊಗಳಿದರು. ಅದು ಕ್ರಮವಲ್ಲ, ಅಂಜಿಕೆ.

ಯೋಹಾನನ ಸುವಾರ್ತೆಗೆ ಬರುವ ಹೊತ್ತಿಗೆ ಓಣಿಯ ಜನ ನಮ್ಮ ವಚನಗಳಿಗೆ ಹೆದರುವಂತಾಗಿತ್ತು. ಗುಡಿಯ ಅಂಗಳದಲ್ಲಿ ವ್ಯಾಪಾರಕ್ಕೆ ಕುಳಿತವರನ್ನು ಹಗ್ಗದ ಚಾಟಿಯಿಂದ ಹೊರಗಟ್ಟಿದ ವಚನ ಬಂತು. ಮರುದಿನ ಪ್ರಾರ್ಥನೆಯ ಚಪ್ಪರದ ನೆರಳಿಗೆ ಬಳೆ ಮಾರುವ ಮುದುಕನೊಬ್ಬ ಬಂದು ಬಳೆಗಳ ಮಲಾರ ಇಳಿಸಿದ. ಅಪ್ಪ ಎತ್ತಿನ ಹಗ್ಗ ತಂದು ಅವನ ಬೆನ್ನ ಮೇಲೆ ಬಾಸುಂಡೆ ಏಳುವ ಹಾಗೆ ಬಾರಿಸಿದ. ಬಳೆಗಳೆಲ್ಲ ಫರಸಿಯ ಮೇಲೆ ಬಿದ್ದು ಪುಡಿಯಾದವು. ಮುದುಕ, "ನಾ ಏನ್ ಮಾಡೀನ್ರಿ, ಅದರೇ ಹೇಳ್ರಿ," ಎನ್ನುತ್ತಾ ರಕ್ತ ಒರೆಸಿಕೊಳ್ಳುತ್ತಾ ಓಡಿದ. ಅವನು ಏನೂ ಮಾಡಿರಲಿಲ್ಲ. ವಚನದಲ್ಲಿ ಒಂದು ಜಾಗ ಖಾಲಿ ಇತ್ತು, ಅಲ್ಲಿ ಬಂದು ಕುಳಿತಿದ್ದ, ಅಷ್ಟೆ. ಹಾಸಿಗೆ ಎತ್ತಿಕೊಂಡು ನಡೆ ಎಂಬ ವಚನ ಬಂದಾಗ ಮುತ್ಯಾ ಜ್ವರದಿಂದ ಮಲಗಿದ್ದ. ಅವನ ತಲೆಯ ಮೇಲೆ ಕೌದಿ ಹೊರಿಸಿ ಅಪ್ಪ ಅಂಗಳದಲ್ಲಿ ನಡೆಸಿದ. ಮುತ್ಯಾ ಹೊಸ್ತಿಲಿಗೆ ಎಡವಿ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ. ಜ್ವರ ಬಿಟ್ಟದ್ದೂ ನಿಜ. ಅಪ್ಪ ಜ್ವರದ ಬಗ್ಗೆ ಸಾಕ್ಷಿ ಹೇಳುತ್ತಿದ್ದ, ಹಲ್ಲಿನ ಬಗ್ಗೆ ಹೇಳುತ್ತಿರಲಿಲ್ಲ. ರಜಾಕಾರರು ಬರುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ನಮ್ಮ ಮನೆ ಅವರಿಗಾಗಿ ಕಾಯುತ್ತಾ ಕುಳಿತಿರಲಿಲ್ಲ.

ಅಪ್ಪನಿಗೆ ಒಬ್ಬಳೇ ತಂಗಿ, ನನ್ನ ಶಾಂತತ್ತಿ. ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕಲ್ಲು ಒಡೆಯುತ್ತಿದ್ದನಂತೆ. ಅವಳನ್ನು ರಾವೂರಿನ ಖಣಿಯಲ್ಲಿ ಕೆಲಸ ಮಾಡುವ ಪೌಲಪ್ಪನಿಗೆ ಕೊಟ್ಟಿದ್ದರು. ಪೌಲಪ್ಪ ಕುಡಿಯದಿದ್ದಾಗ ಒಳ್ಳೆಯವನು. ಅದನ್ನು ಪರೀಕ್ಷಿಸುವ ಅವಕಾಶ ಶಾಂತತ್ತಿಗೆ ಹೆಚ್ಚು ಸಿಗಲಿಲ್ಲ. ರೊಟ್ಟಿ ಸೀದಿತೆಂದು ಅವಳ ಅಂಗೈಯನ್ನು ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಅವಳು ಸುಟ್ಟ ಕೈ ಹೊತ್ತು ನಡೆದು ಬಂದಳು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಎಲ್ಲೋ ಬರೆದಿದೆಯೆಂದು ಪಾದ್ರಿಗಳಿಂದ ಕೇಳಿದ್ದ ಅಪ್ಪ ಅವಳನ್ನು ಗಾಡಿ ಕಟ್ಟಿ ವಾಪಸು ಬಿಟ್ಟು ಬಂದ. ಮತ್ತೆ ಬಂದಳು, ಮತ್ತೆ ಬಿಟ್ಟು ಬಂದ. ಅದರ ಮುಂದಿನ ಸಲ ಅವಳು ನಮ್ಮ ಮನೆಗೆ ಬರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಕಾಂಟೇವಾಲಾ ಇಮಾಮಸಾಬ ಎಂಬವನ ಮನೆಗೆ ಹೋದಳು.

ನಾವು ಯೋಹಾನನ ಎಂಟನೆಯ ಅಧ್ಯಾಯದಲ್ಲಿದ್ದೆವು. ಅಂದು ಮಂಗಳವಾರ. ಹಾದರದಲ್ಲಿ ಸಿಕ್ಕ ಒಬ್ಬ ಹೆಂಗಸನ್ನು ತಂದು ಎಲ್ಲರ ನಡುವೆ ನಿಲ್ಲಿಸಿದರು ಎಂಬಲ್ಲಿಗೆ ವಚನ ನಿಂತಿತು. ಅಪ್ಪ ಬೆರಳಿಟ್ಟು ಪುಸ್ತಕ ಮುಚ್ಚಿದ. ಹೊರಗೆ ಗಾಡಿ ನಿಂತ ಸದ್ದಾಯಿತು. ಪೌಲಪ್ಪ ಮತ್ತು ಅವನ ತಮ್ಮ ಶಾಂತತ್ತಿಯನ್ನು ಕೂದಲು ಹಿಡಿದು ಒಳಗೆ ಎಳೆದು ತಂದು, ನಮ್ಮ ನಡುವೆ, ಸರಿಯಾಗಿ ದೀಪದ ಮುಂದೆ ನಿಲ್ಲಿಸಿದರು.

"ತಗೋರಿ ಮುಕದಮರೆ, ನಿಮ್ಮ ಮನಿ ಮಾಲು," ಎಂದ ಪೌಲಪ್ಪ. "ಸಾಬನ ತಾಟಿನ್ಯಾಗ ಉಣ್ಣಾಕತ್ತಿದ್ಳು. ಏನ್ ನ್ಯಾಯ ಮಾಡ್ತೀರಿ ಮಾಡ್ರಿ."

ಅಪ್ಪನ ಮುಖ ಸುಣ್ಣದ ಕಲ್ಲಿನಂತಾಯಿತು. ಅವನು ತಂಗಿಯನ್ನು ನೋಡಲಿಲ್ಲ, ಬೆರಳಿಟ್ಟ ಪುಸ್ತಕವನ್ನು ನೋಡಿದ. ಇಷ್ಟು ದಿನ ಅವನು ವಚನಕ್ಕೆ ತಕ್ಕ ಮನುಷ್ಯರನ್ನು ಹುಡುಕಿಕೊಂಡು ಹೋಗಬೇಕಿತ್ತು. ಇಂದು ಮನುಷ್ಯರೇ ಗಾಡಿ ಕಟ್ಟಿಕೊಂಡು ಬಂದಿದ್ದರು. ಅತ್ತಿಯನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿಸಿದ. ನ್ಯಾಯ ತಾನು ಮಾಡುವುದಲ್ಲ, ದಿನಕ್ಕೊಂದು ವಚನ ಬರುತ್ತದೆ, ಹುಕುಂ ಬಂದ ಹಾಗೆ ನಡೆಯುತ್ತೇನೆ ಎಂದ. ಪೌಲಪ್ಪ ಮತ್ತು ಅವನ ತಮ್ಮ ನಮ್ಮ ಅಂಗಳದಲ್ಲೇ ಬಿಡಾರ ಹೂಡಿ, ನಮ್ಮ ರೊಟ್ಟಿ ಪುಂಡಿಪಲ್ಯ ತಿನ್ನುತ್ತಾ ಕಾದರು. ಬುಧವಾರದ ವಚನದಲ್ಲಿ ಅವಳ ಮೇಲೆ ದೂರು ಹೇಳಿದರೆಂದು ಬಂತು. ಮರುದಿನ ಪೌಲಪ್ಪ ದೂರು ಹೇಳುತ್ತಾ, ನಡುನಡುವೆ ಕೊಟ್ಟಿಗೆಗೆ ಹೋಗಿ ಒದ್ದು ಬರುತ್ತಾ ಕಾಲ ಕಳೆದ. ಗುರುವಾರ, ಇಂಥವರನ್ನು ಕಲ್ಲೆಸೆದು ಕೊಲ್ಲಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ, ನೀನೇನು ಹೇಳುತ್ತೀ ಎಂದು ಬಂತು. ಪ್ರಶ್ನೆಯಲ್ಲಿ ಮುಗಿದದ್ದು ಹುಕುಂ ಆಗುವುದಿಲ್ಲವೆಂದು ಅಪ್ಪ ತೀರ್ಪು ಕೊಟ್ಟ. ಶುಕ್ರವಾರ, ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆದನೆಂದು ಬಂತು. ಪೌಲಪ್ಪನ ಸಹನೆ ಮುಗಿಯುತ್ತಿತ್ತು.

"ಇದೇನ್ರಿ, ಒಂದ ಮಾತ ಹೇಳಾಕ ವಾರ ಬೇಕೇನು ನಿಮ್ಮ ದೇವ್ರಿಗಿ?"

"ಮುಂದಿನ ಸಾಲ ಓದಿ ಬಿಡೋ ದಾವೀದಪ್ಪ," ಎಂದ ಮುತ್ಯಾ. "ನಿನ್ನ ಕಾಲ ಬೀಳ್ತೀನಿ. ಕೂಸು ಕಟ್ಟಿದಲ್ಲೇ ಸಾಯ್ಲಿಕತ್ತದ."

"ನಾಳಿ ಹುಕುಂ ಇವತ್ತ ಕೇಳಾಂವ ಕಳ್ಳ," ಎಂದ ಅಪ್ಪ.

ನನಗೆ ಓದು ಬರುತ್ತಿತ್ತು, ಆದರೆ ಪುಸ್ತಕವಿದ್ದ ಮಾಡದ ಕೆಳಗೆ ಪೌಲಪ್ಪನ ತಮ್ಮ ಹಗಲೂ ಕಾಲು ಚಾಚಿ ಮಲಗಿರುತ್ತಿದ್ದ. ಪಾದ್ರಿ ಅಯ್ನೋರು ಚಿತ್ತಾಪುರದ ಕಡೆಯ ಹಳ್ಳಿಗಳಿಗೆ ಹೋಗಿದ್ದರು, ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಮನೆಯೆಲ್ಲ ಸಂಜೆಗಾಗಿ ಕಾಯುತ್ತಿತ್ತು. ಒಬ್ಬಳ ಜೀವ ಅಪ್ಪನ ಅಂಗೈ ಮುಚ್ಚಿದ ಸಾಲಿನಲ್ಲಿತ್ತು. ನಾನು ಕೊಟ್ಟಿಗೆಗೆ ನೀರು ಒಯ್ದೆ. ಅತ್ತಿಯ ಒಂದು ಕಣ್ಣು ಬಾತು ಮುಚ್ಚಿತ್ತು, ಸುಟ್ಟ ಅಂಗೈಯ ಚರ್ಮ ಹಗ್ಗಕ್ಕೆ ತಿಕ್ಕಿ ಕಿತ್ತು ಬಂದಿತ್ತು.

"ಅತ್ತಿ, ನಾಳಿ ಏನ್ ಬರ್ತದ?"

"ಓದಾವಗೇ ಗೊತ್ತಿಲ್ಲ, ಕಟ್ಟಿಸ್ಕೊಂಡಾಕಿಗಿ ಹ್ಯಾಂಗ ಗೊತ್ತಿರ್ತದ? ಕಲ್ಲ ಬಂದ್ರ ದೊಡ್ಡ ಕಲ್ಲೇ ಬರ್ಲಿ ಅಂತ ಬೇಡ್ಕೊ. ಸಣ್ಣುವು ಭಾಳ ಹೊತ್ತ ತಗೋತಾವ."

"ಆ ಕಾಂಟೇವಾಲಾನ ಮನಿಗಿ ಯಾಕ ಹೋದಿ?"

ಅವಳು ಮೊದಲು ನೀರು ಕುಡಿದು ಮುಗಿಸಿದಳು.

"ಅಂವ ನನಗ ಕುಂದ್ರು ಅಂದ ರೂತಿ. ಉಂಡೇನು ಅಂತ ಕೇಳ್ದ. ನಮ್ಮ ಮನ್ಯಾಗ ಯಾರರ ಹೆಣ್ಮಕ್ಳಿಗಿ ಕುಂದ್ರು ಅಂದಾರೇನು?"

ಶನಿವಾರದ ವಚನ ಬಂತು. ನಿಮ್ಮಲ್ಲಿ ಪಾಪವಿಲ್ಲದವನು ಮೊದಲು ಇವಳ ಮೇಲೆ ಕಲ್ಲು ಹಾಕಲಿ. ಅಪ್ಪ ಓದಿ, ಬೆರಳಿಟ್ಟು ಮುಚ್ಚಿದ. ಆ ಮಾತನ್ನು ಕೇಳಿ ಯಾರಾದರೂ ಕೈಯಿಂದ ಕಲ್ಲು ಬಿಟ್ಟಾರು ಎಂದು ಈಗಿನ ಓದುಗರಿಗೆ ಅನ್ನಿಸಬಹುದು. ಈಗಿನ ಓದುಗರಿಗೆ ಮುಂದಿನ ಸಾಲು ಗೊತ್ತಿದೆ. ನಮ್ಮ ಪಡಸಾಲೆಯಲ್ಲಿ ಆ ವಚನ ಕೆಲಸದ ಕ್ರಮ ತಿಳಿಸುವ ಹುಕುಂ ಆಗಿ ಕೇಳಿಸಿತು. ಕಲ್ಲು ಹಾಕುವುದು ಗೊತ್ತಾಯಿತು. ಮೊದಲು ಯಾರು ಎಂಬುದೊಂದು ಬಾಕಿ.

"ಮೊದಲನೇದು ಅಂದಾರ," ಎಂದ ಪೌಲಪ್ಪ ಸಮಾಧಾನದಿಂದ. "ಅಂದ ಮ್ಯಾಲ ಎರಡನೇದು ಮೂರನೇದು ಇರ್ಬೇಕಲ್ಲ. ಮೊದಲನೇದು ನಾನೇ ಒಗೀತೀನಿ ತಗೋರಿ."

ಕೊಟ್ಟಿಗೆಯಿಂದ ಅತ್ತಿ ನಕ್ಕದ್ದು ಕೇಳಿಸಿತು. "ಪಾಪಿಲ್ಲದಾಂವ ಅಂತ ಓದ್ಯಾರ ಪೌಲಪ್ಪ. ಕುಡದಾಂವ ಅಂತ ಓದಿಲ್ಲ."

ಪೌಲಪ್ಪ ಎದ್ದು ಹೋಗಿ ಅವಳ ಬಾಯಿಗೆ ಒದ್ದು ಬಂದ. ಅದರಿಂದ ಅವನ ಅನರ್ಹತೆ ಇನ್ನಷ್ಟು ಸ್ಥಿರವಾಯಿತು. ಅಪ್ಪ ಒಬ್ಬೊಬ್ಬರನ್ನೇ ವಿಚಾರಿಸಿದ. ತಾನು ನಿನ್ನೆಯಷ್ಟೇ ಎತ್ತಿಗೆ ಹೊಲಸು ಬೈದಿದ್ದೇನೆಂದು ತನ್ನನ್ನು ಮೊದಲೇ ಹೊರಗಿಟ್ಟ. ಮುತ್ಯಾ ತನ್ನ ಪಾಪಗಳನ್ನು ವಯಸ್ಸಿನ ಕ್ರಮದಲ್ಲಿ ಹೇಳತೊಡಗಿದಾಗ ಸಾಕೆಂದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ದೀಕ್ಷಾಸ್ನಾನದ ನೀರು ಅಲ್ಲಿಯವರೆಗಿನ ಪಾಪವನ್ನೆಲ್ಲ ತೊಳೆಯುತ್ತದೆಂದು ಪಾದ್ರಿಗಳು ಹೇಳಿದ್ದರು. ಹಾಗಾದರೆ ಯಾರ ತಲೆಯ ಮೇಲಿನ ನೀರು ಇನ್ನೂ ಹಸಿಯಾಗಿದೆಯೋ ಅವರೇ ಶುದ್ಧರು. ಮನೆಯವರೆಲ್ಲ ಹಿಂದೆಯೇ ದೀಕ್ಷೆ ಪಡೆದಿದ್ದರು. ಅವರ ದೀಕ್ಷೆಯ ದಿನ ನನಗೆ ಮೈಮೇಲೆ ಗೊಬ್ಬರ ಎದ್ದಿತ್ತು, ದಡಾರ ಎನ್ನುತ್ತಾರಲ್ಲ, ಅದು. ಹಾಗಾಗಿ ನನ್ನ ದೀಕ್ಷೆ ಉಳಿದು, ಹಿಂದಿನ ವಾರವಷ್ಟೇ ಪಾದ್ರಿಗಳು ಚಿತ್ತಾಪುರಕ್ಕೆ ಹೊರಡುವ ಮುನ್ನ ಆಗಿತ್ತು.

"ರೂತಿ ಇದ್ದಾಳ," ಎಂದ ಅಪ್ಪ. "ಅಕಿ ಒಬ್ಬಾಕಿ ಸ್ವಚ್ಛ ಇದ್ದಾಳ."

ಎಲ್ಲರೂ ನನ್ನ ಕಡೆ ನೋಡಿದರು. ಸಂತರ ಪಟ್ಟಕ್ಕೆ ಇಷ್ಟು ಬೇಗ ಏರಿದ್ದು ನಮ್ಮ ವಂಶದಲ್ಲಿ ನಾನೊಬ್ಬಳೇ. ಅಂದು ನನ್ನ ಮುಂದೆ ಮೊದಲು ತಾಟು ಇಟ್ಟರು, ಅರ್ಥವನ್ನೂ ಕೇಳಲಿಲ್ಲ. ನಾನು ಉಣ್ಣಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಖಣಿಯ ಜನ ನಮ್ಮ ಹಿತ್ತಲಿನಲ್ಲಿ ಸೇರಿದರು. ಅತ್ತಿಯನ್ನು ಕೈ ಕಟ್ಟಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕಲ್ಲು ಹುಡುಕುವ ತೊಂದರೆ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ಪೌಲಪ್ಪನೂ ಅವನ ತಮ್ಮನೂ ಕೈ ತುಂಬುವ ಕಲ್ಲುಗಳನ್ನು ಆರಿಸಿ ಕಾಲ ಬಳಿ ಇಟ್ಟುಕೊಂಡಿದ್ದರು, ಮೂಲೆ ಚೂಪಾಗಿದ್ದವನ್ನೇ ಆರಿಸಿದ್ದರು. ಅಪ್ಪ ನೆಲದಿಂದ ಒಂದು ಸಣ್ಣ ಕಲ್ಲು ಎತ್ತಿ, ಧೋತರದಿಂದ ಧೂಳು ಒರೆಸಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅವನ ಕಣ್ಣಿನಲ್ಲಿ ನೀರಿತ್ತು. ನಿನ್ನ ಕೈಯಿಂದ ಯಾರೂ ಸಾಯುವುದಿಲ್ಲವೆಂದೇ ನಿಮ್ಮಪ್ಪ ನಿನ್ನನ್ನು ಆರಿಸಿದ್ದು ಎಂದು ಅವ್ವ ಮುಂದೆ ಎಷ್ಟೋ ಸಲ ಹೇಳಿದಳು. ಇರಬಹುದು. ಹೆಂಡಂದಿರು ಗಂಡಂದಿರ ಅರ್ಥವನ್ನು ಹೀಗೆಯೇ ಹೇಳಿಕೊಂಡು ಬಂದಿದ್ದಾರೆ. ನನ್ನ ಕಲ್ಲಿನ ಹಿಂದೆ ಪೌಲಪ್ಪನ ಕಲ್ಲುಗಳಿದ್ದವು. ಬಾಗಿಲಿಗೆ ಹಾಕಿದ ಬೀಗ ನಾನು, ನಾನು ತೆರೆದರೆ ಅವು ಹೊರಗೆ ಬರುತ್ತವೆ. ಅಷ್ಟು ನನಗೆ ಅರ್ಥವಾಗಿತ್ತು.

"ಒಗಿ ರೂತಿ," ಎಂದ ಅಪ್ಪ. "ಹುಕುಂ ಅದ."

ಒಗೆಯುವುದಿಲ್ಲ ಎಂದರೆ ಹೊಡೆಯುತ್ತಾನೆ, ಹೊಡೆದ ಮೇಲೂ ಒಗೆಯಲು ಹೇಳುತ್ತಾನೆ, ಏಕೆಂದರೆ ನಾನು ಆಗಲೂ ಶುದ್ಧಳಾಗಿಯೇ ಇರುತ್ತೇನೆ. ಈ ಪದವಿಯಿಂದ ಇಳಿಯಬೇಕಾದರೆ ಒಂದು ಪಾಪ ಬೇಕು, ಅದೂ ತಕ್ಷಣ, ಎಲ್ಲರ ಎದುರಿಗೆ, ಯಾರೂ ಅನುಮಾನ ಪಡದಂಥದ್ದು. ನಾನು ದಶಾಜ್ಞೆಗಳನ್ನು ಮನಸ್ಸಿನಲ್ಲೇ ಓಡಿಸಿದೆ. ಕದಿಯೋಣವೆಂದರೆ ಹತ್ತಿರ ಕದಿಯುವಂಥದ್ದು ಏನೂ ಇರಲಿಲ್ಲ. ಸುಳ್ಳು ಹೇಳೋಣವೆಂದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ತಂದೆತಾಯಿಗಳನ್ನು ಸನ್ಮಾನಿಸು ಎಂಬುದೊಂದು ಉಳಿಯಿತು, ತಂದೆ ಕೈಗೆ ಎಟಕುವಷ್ಟು ಹತ್ತಿರ ನಿಂತಿದ್ದ. ನಾನು ತಲೆಯೆತ್ತಿ, ಖಣಿಯ ಗಂಡಸರು ಕೈಮೇಲೆ ಸುತ್ತಿಗೆ ಬಿದ್ದಾಗ ಬೈಯುವ ಬೈಗುಳವನ್ನು, ಅಪ್ಪನ ಹುಟ್ಟಿಗೆ ಹೊಂದಿಸಿ, ಸ್ಪಷ್ಟವಾಗಿ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಬೈದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನನ್ನ ಸ್ವಂತ ಅಜ್ಜಿಯೂ ಒಂದು ಕತ್ತೆಯೂ ಬರುತ್ತಾರೆ ಎಂದರೆ ಸಾಕು.

"ನನಗ ಪಾಪ ಬಂತು," ಎಂದೆ. "ಇನ್ನ ನಾ ಒಗ್ಯಾಂಗಿಲ್ಲ."

ಮೊದಲ ಏಟು ನನಗೆ ಕಾಣಿಸಿತು, ಎರಡನೆಯದು ಕೇಳಿಸಿತು, ಆಮೇಲಿನವು ಲೆಕ್ಕಕ್ಕೆ ಸಿಗಲಿಲ್ಲ. ಅಪ್ಪ ನೆಲಕ್ಕೆ ಕೆಡವಿ ಹೊಡೆದ. ಹಿತ್ತಾಳೆಯ ತುದಿ ಕಿವಿಯ ಮೇಲೆ ಬಿದ್ದಾಗ ಒಳಗೆ ರೈಲಿನ ಸೀಟಿಯಂಥ ಸದ್ದೊಂದು ಶುರುವಾಯಿತು, ಅದು ಈಗಲೂ ಪೂರ್ತಿ ನಿಂತಿಲ್ಲ. ಗಜ ನನ್ನ ದವಡೆಯ ಮೇಲೆ ಮುರಿಯಿತು. ಯಾವುದು ಕಟ್ಟಿಗೆ ಮುರಿದ ಸದ್ದು, ಯಾವುದು ಎಲುಬು ಮುರಿದ ಸದ್ದು ಎಂದು ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪೌಲಪ್ಪ, ಇನ್ನು ಈ ಮನೆಯಲ್ಲಿ ಶುದ್ಧರು ಸಿಗುವ ಭರವಸೆಯಿಲ್ಲವೆಂದುಕೊಂಡನೋ ಏನೋ, ತನ್ನ ಕಲ್ಲನ್ನು ಎತ್ತಿ ಬೀಸಿದ. ಅದು ಅತ್ತಿಯ ಕೊರಳ ಬುಡಕ್ಕೆ, ಹೆಗಲೆಲುಬಿಗೆ ಬಿತ್ತು. ಅವಳು ಒಮ್ಮೆ ಉಸಿರೆಳೆದುಕೊಂಡಳು, ಕೂಗಲಿಲ್ಲ. ಅಪ್ಪ ತಿರುಗಿದ. ಅವನ ಮುಖದಲ್ಲಿ ನಾನು ಎಂದೂ ಕಾಣದಷ್ಟು ದಿಗ್ಭ್ರಮೆ ಇತ್ತು.

"ಮೊದಲನೇದು ಬಿದ್ದಿಲ್ಲ," ಎಂದ. "ಮೊದಲನೇದೇ ಬಿದ್ದಿಲ್ಲಲೇ. ನೀ ಎರಡನೇದು ಹ್ಯಾಂಗ ಒಗದಿ?"

ಕೈಯಲ್ಲಿದ್ದ ಗಜದ ಮುರುಕಿನಿಂದಲೇ ಪೌಲಪ್ಪನ ಮುಖಕ್ಕೆ ಬಾರಿಸಿದ. ಕೆನ್ನೆ ತುಟಿಯವರೆಗೆ ಹರಿಯಿತು. ಪೌಲಪ್ಪನ ತಮ್ಮ ಹಾರೆ ತಿರುಗಿಸಿ ಅಪ್ಪನ ಪಕ್ಕೆಗೆ ಹೊಡೆದ. ಅಪ್ಪ ಬಿದ್ದವನು ಬಿದ್ದಲ್ಲಿಂದಲೇ ಅವನ ಕಾಲು ಕಚ್ಚಿದ. ಮೂವರೂ ಕಲ್ಲಿನ ಚೂರುಗಳ ಮೇಲೆ ಉರುಳಾಡಿದರು. ಬಿಡಿಸಲು ಹೋದವನಿಗೆ ಒಬ್ಬನ ಮೊಣಕೈ ಬಡಿದು ಮೂಗು ಒಡೆಯಿತು, ಅವನೂ ಕೈ ಎತ್ತಿದ. ಮೋಶೆ, ಯೋಹಾನ, ಹುಕುಂ ಎಲ್ಲವೂ ಆ ಧೂಳಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದವು.

ಆಗ ಮುತ್ಯಾ ಕುಳಿತಲ್ಲಿಂದ ಎದ್ದ. ರುಮಾಲು ಝಾಡಿಸಿ ತಲೆಗೆ ಸುತ್ತಿಕೊಂಡ.

"ನಾ ಹೊಂಟೆ," ಎಂದ. "ಇಲ್ಲಿ ಯಾರ ಯಾರಿಗಿ ಯಾಕ ಹೊಡ್ಯಾಕತ್ತಾರ, ನನಗಂತೂ ತಿಳಿವಲ್ದು."

ಅವನು ಹೋದದ್ದನ್ನು ನೋಡಿ, ಅವನ ಜೊತೆ ಕಲ್ಲು ಒಡೆದು ಮುದುಕನಾಗಿದ್ದ ಇನ್ನೊಬ್ಬ ಎದ್ದು ಹೋದ. ಆಮೇಲೆ ಅವನ ಮಗ. ಆಮೇಲೆ ಓಣಿಯ ಗಂಡಸರು, ಆಮೇಲೆ ಹುಡುಗರು. ಕೊನೆಗೆ ಪೌಲಪ್ಪ ಹರಿದ ಕೆನ್ನೆಗೆ ಅಂಗಿ ಒತ್ತಿಕೊಂಡು, ತಮ್ಮನ ಹೆಗಲ ಮೇಲೆ ಕೈ ಹಾಕಿ ಗಾಡಿಯ ಕಡೆಗೆ ನಡೆದ. ಹಿತ್ತಲಿನಲ್ಲಿ ನಾವು ಮನೆಯವರು ಉಳಿದೆವು. ಅಪ್ಪ ನೆಲದ ಮೇಲೆ ಕುಳಿತು ಪಕ್ಕೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಅವ್ವ ಅವನ ಮುಂದಿನಿಂದಲೇ ಹಾದು ಹೋಗಿ ಅತ್ತಿಯ ಕಟ್ಟು ಬಿಚ್ಚಿ, ಮುರಿದ ಕಡೆಯ ಕೈಯನ್ನು ತನ್ನ ಹಳೆಯ ಸೀರೆಯಿಂದ ಎದೆಗೆ ಕಟ್ಟಿ ಎಬ್ಬಿಸಿದಳು. ಅಪ್ಪ ನೋಡಿದ, ಬೇಡವೆನ್ನಲಿಲ್ಲ. ಇಬ್ಬರೂ ಹಳಿಯ ಗುಂಟ ವಾಡಿಯ ಕಡೆಗೆ ಹೊರಟರು. ಅತ್ತಿ ನನ್ನ ಬಳಿ ಬಂದಾಗ ಒಂದು ಕ್ಷಣ ನಿಂತಳು.

"ಬಾಯಾಗಿನ ರಗತ ನುಂಗಬ್ಯಾಡ ರೂತಿ," ಎಂದಳು. "ಉಗುಳು."

ಅತ್ತಿ ಮುಂದೆ ಬಹಳ ವರ್ಷ ವಾಡಿಯಲ್ಲಿ ಬದುಕಿದಳು. ಆ ಎಲುಬು ಸೊಟ್ಟವಾಗಿ ಕೂಡಿತು, ಎಡಗೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ಇಮಾಮಸಾಬನೇ ಅವಳ ಜಡೆ ಹೆಣೆಯುತ್ತಿದ್ದ, ಕೆಟ್ಟದಾಗಿ ಹೆಣೆಯುತ್ತಿದ್ದ. ಹಳಿ ಕೂಡಿಸುವವನಿಗೆ ಮೂರು ಎಳೆ ಕೂಡಿಸಲು ಬರುವುದಿಲ್ಲವೆಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಆ ಭಾನುವಾರದ ಸಂಜೆಯ ವಚನದಲ್ಲಿ ಯೇಸು ಮತ್ತೆ ಬಗ್ಗಿ ನೆಲದ ಮೇಲೆ ಬರೆದ. ಏನು ಬರೆದ ಎಂದು ಯಾರೂ ಕೇಳಲಿಲ್ಲ. ಸೋಮವಾರ ಅವ್ವ ವಾಡಿಯಿಂದ ಹಿಂದಿರುಗಿದಳು, ಅಪ್ಪ ಖಣಿಗೆ ಹೋಗಲಿಲ್ಲ. ಸಂಜೆ ಅವ್ವ ದೀಪ ಹಚ್ಚಿದಳು, ಅಪ್ಪ ಒಂದು ಕೈಯಿಂದ ಪಕ್ಕೆ ಹಿಡಿದು ಇನ್ನೊಂದು ಕೈಯಿಂದ ಪುಸ್ತಕ ಇಳಿಸಿದ. ನನ್ನ ದವಡೆಯನ್ನು ತಲೆಯ ಸುತ್ತ ಬಟ್ಟೆಯಿಂದ ಬಿಗಿದಿದ್ದರು. ಅಪ್ಪ ಕೆಳಗಿನ ಸಾಲುಗಳಿಗೆ ಅಂಗೈ ಅಡ್ಡವಿಟ್ಟು ಓದಿದ. ಆ ಮಾತು ಕೇಳಿದವರು, ಹಿರಿಯರು ಮೊದಲಾಗಿ, ಒಬ್ಬೊಬ್ಬರಾಗಿ ಎದ್ದು ಹೋದರು ಎಂದಿತ್ತು.

ಒಲೆಯ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು, ಅವ್ವ ಅದನ್ನು ತಿರುವುವುದನ್ನು ಮರೆತಳು. ಅಪ್ಪ ಅದೇ ಸಾಲನ್ನು ಮತ್ತೊಮ್ಮೆ, ಈ ಸಲ ದನಿಯಿಲ್ಲದೆ, ತುಟಿಯಲ್ಲೇ ಓದಿದ.

"ಇದು ನಿನ್ನಿ ಆಗಿ ಹೋತಲ್ಲೋ," ಎಂದ ಮುತ್ಯಾ ಮೆಲ್ಲಗೆ. "ಮೊದ್ಲೇ ಬರ್ದಿಟ್ಟಿದ್ರೇನು?"

ಅಪ್ಪ ನನ್ನ ಕಡೆ ನೋಡಿದ, ಬಟ್ಟೆ ಬಿಗಿದ ನನ್ನ ಬಾಯಿಯ ಕಡೆ. ಅರ್ಥ ಕೇಳುತ್ತಾನೆಂದು ನಾನು ಕಾದೆ. ಅವನು ಕೇಳಲಿಲ್ಲ. ಪುಟದ ಮೇಲಿನ ತನ್ನ ಅಂಗೈಯನ್ನು, ಅದು ಬೇರೆ ಯಾರದೋ ಎನ್ನುವಂತೆ ಸ್ವಲ್ಪ ಹೊತ್ತು ದಿಟ್ಟಿಸಿದ. ಆಮೇಲೆ ಅದನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲು ಓದಿದ. ಅದರ ಮುಂದಿನದು ಓದಿದ. ಪುಟ ತಿರುವಿದ. ಅವ್ವ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು.